ಗೆರೆಯಕ್ಕನ ಪೆನ್ಸಿಲು

"ಶಾಕ್ ಕೊಟ್ರಾ?"

ನನ್ನ ಗೆಳತಿ ಇನ್ನಿಲ್ಲ ಎಂದು ಡಾಕ್ಟರು ಬಾಗಿಲಲ್ಲಿ ನಿಂತು ಹೇಳಿದಾಗ ಅವಳ ತಮ್ಮನ ಬಾಯಿಂದ ಬಂದ ಮೊದಲ ಮಾತು ಇದು. ಡಾಕ್ಟರಿಗೆ ಮೂವತ್ತು ದಾಟಿರಲಿಲ್ಲ. ಅವರು ಕನ್ನಡಕ ತೆಗೆಯಲಿಲ್ಲ, ತಲೆ ತಗ್ಗಿಸಲಿಲ್ಲ, ತಮ್ಮನ ಹೆಗಲ ಮೇಲೆ ಕೈಯಿಡಲಿಲ್ಲ.

"ಇಲ್ಲ. ಕೊಡೋ ಹಾಗಿರ್ಲಿಲ್ಲ. ಎದೆ ಒತ್ತಿದ್ವಿ, ಇಂಜೆಕ್ಷನ್ ಕೊಟ್ವಿ. ಮೂರು ಹತ್ತಕ್ಕೆ ನಿಲ್ಲಿಸಿದ್ವಿ."

ಇಷ್ಟು ಹೇಳಿ ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ನಾನು ನೀರು ತರಲು ಕಾರಿಡಾರಿನ ಕೊನೆಗೆ ಹೋದೆ. ಸಿಸ್ಟರುಗಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅದೇ ಡಾಕ್ಟರು ನಿಂತುಕೊಂಡೇ ಬಿಸ್ಕತ್ತು ತಿನ್ನುತ್ತಿದ್ದರು, ಎರಡೆರಡು ಒಟ್ಟಿಗೆ, ಯಾರೋ ಕಿತ್ತುಕೊಳ್ಳುತ್ತಾರೆ ಎನ್ನುವ ಹಾಗೆ. ಒಳಗೆ ನನ್ನ ಗೆಳತಿಯ ಮೈ ಇನ್ನೂ ತಣ್ಣಗಾಗಿರಲಿಲ್ಲ. ತಮ್ಮನಿಗೆ ಶಾಕಿನ ಅನುಮಾನ ಹುಟ್ಟಿದ್ದು ಬಾಗಿಲಲ್ಲಿ, ನನಗೆ ಬಿಸ್ಕತ್ತಿನ ಅನುಮಾನ ಹುಟ್ಟಿದ್ದು ಅಲ್ಲಿ. ಎರಡನ್ನೂ ಒಟ್ಟಿಗೆ ಸಾಕಿದೆವು.

ಅವಳು ಅದೇ ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಇಸಿಜಿ ತೆಗೆದವಳು. ಕೈಕಾಲಿಗೆ ಕ್ಲಿಪ್ಪು, ಎದೆಗೆ ಆರು ರಬ್ಬರ್ ಬಲ್ಬು ಹಚ್ಚಿ, ಹೃದಯದ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಇಳಿಸಿಕೊಡುವ ಕೆಲಸ. ಅದಕ್ಕೇ ಆಸ್ಪತ್ರೆಯ ಗೇಟಿನವನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಅವಳು ಗೆರೆಯಕ್ಕ. ಅವಳ ಕೋಣೆಗೆ ಕಿಟಕಿ ಇರಲಿಲ್ಲ. ಒಂದು ಮಂಚ, ಅದರ ಸುತ್ತ ಹಸಿರು ಪರದೆ, ಎರಡು ಯಂತ್ರ. ಹೊಸ ಯಂತ್ರ ವರ್ಷದಲ್ಲಿ ಹತ್ತು ತಿಂಗಳು ಕೆಟ್ಟು ಕೂರುತ್ತಿತ್ತು. ಹಳೆಯದು ಅವಳ ಹಾಗೆ ಗೊಣಗಿಕೊಂಡು ಕೆಲಸ ಮಾಡುತ್ತಿತ್ತು. ಮಂಚದ ಮೇಲೆ ಮಲಗಿದವರು ಮೈಯೆಲ್ಲ ವೈರು ನೋಡಿ ಹೆದರಿ, "ಶಾಕ್ ಹೊಡಿಯುತ್ತಾ ಅಕ್ಕಾ?" ಎಂದು ಕೇಳುವರು. "ಕರೆಂಟು ನಿಮ್ಮದು, ಕಾಗದ ನಮ್ಮದು. ಅಲುಗಾಡಬೇಡಿ," ಎನ್ನುವಳು.

ಅವಳ ಕಿವಿಯ ಹಿಂದೆ ಸದಾ ಒಂದು ಪೆನ್ಸಿಲು ಇರುತ್ತಿತ್ತು. ಕಾಗದ ಹೊರಬಂದ ಕೂಡಲೆ ಅದರ ಅಂಚಿನಲ್ಲಿ ಹೊತ್ತು ಬರೆಯುವಳು. ಪೆನ್ನಾದರೆ ಎದೆಗೆ ಹಚ್ಚಿದ ಜೆಲ್ ತಾಗಿ ಶಾಯಿ ಹರಡುತ್ತದೆ, ಅದಕ್ಕೇ ಪೆನ್ಸಿಲು. "ಹೊತ್ತು ಯಂತ್ರದಲ್ಲೇ ಅಚ್ಚಾಗಿದೆಯಲ್ಲೇ?" ಎಂದು ನಾನೊಮ್ಮೆ ಕೇಳಿದ್ದೆ. "ಅಚ್ಚಾಗಿದ್ದೆಲ್ಲ ನಿಜ ಅಂತ ನಂಬೋದು ನಿನ್ನ ಕೆಲಸ ಕಣೇ ಪುಸ್ತಕ, ನನ್ನದಲ್ಲ," ಎಂದಿದ್ದಳು. ನಾನು ಆಸ್ಪತ್ರೆಯಿಂದ ಎರಡು ಬೀದಿ ಆಚೆಯ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವವಳು. ಇಪ್ಪತ್ತು ವರ್ಷ ಅವಳು ನನ್ನನ್ನು ಕರೆದದ್ದು ಹಾಗೇ, "ಏ ಪುಸ್ತಕ" ಎಂದು. ಅವಳ ತಮ್ಮನಿಗೆ ನಾನು ಪುಸ್ತಕದಕ್ಕ.

ತಮ್ಮ ದರ್ಜಿ. ಅವನ ಅಂಗಡಿಯಲ್ಲಿ ಇಸ್ತ್ರಿ ಮೇಜಿನ ಮೇಲುಗಡೆ ಗೋಡೆಗೆ ಒಂದು ಟಿವಿ. ಸಂಜೆ ಏಳಕ್ಕೆ ಅದರಲ್ಲಿ ಆಸ್ಪತ್ರೆಯ ಧಾರಾವಾಹಿ. ಗೆರೆಯಕ್ಕ ಡ್ಯೂಟಿ ಮುಗಿಸಿ ಬಂದು ಗುಂಡಿ ಹೊಲಿಯುತ್ತ ಕೂರುವಳು, ನಾನು ಗ್ರಂಥಾಲಯ ಮುಚ್ಚಿ ಬಂದು ಸೇರಿಕೊಳ್ಳುವೆ. ನಿಜ ಹೇಳಬೇಕೆಂದರೆ ನನಗೆ ಧಾರಾವಾಹಿ ಬೇಡವಾಗಿತ್ತು. ಅವಳು ಅದನ್ನು ಬೈಯುವುದು ಬೇಕಾಗಿತ್ತು.

"ಆರು ಗಂಟೆ ಆಪರೇಷನ್ ಮಾಡಿ ಬಂದಿದಾನಂತೆ. ಕೂದಲು ನೋಡು, ಈಗ ತಾನೇ ಬಾಚಿದ ಹಾಗಿದೆ."

"ನಿಂಗೇನು ಹೊಟ್ಟೆಯುರಿ, ನೋಡೋಕೆ ಚೆನ್ನಾಗಿದಾನೆ ಬಿಡು," ಎಂದು ತಮ್ಮ ಮೆಷಿನ್ ತುಳಿಯುತ್ತಲೇ ಹೇಳುವನು.

"ಚೆನ್ನಾಗಿರ್ಲಿ. ಈ ಆಸ್ಪತ್ರೇಲಿ ಯಾರೂ ಏನೂ ಬರಿಯೋದೇ ಇಲ್ವಲ್ಲೋ? ನಮ್ಮ ಡಾಕ್ಟ್ರುಗಳು ಅರ್ಧ ದಿನ ಬರೀತಾನೇ ಇರ್ತಾರೆ. ಮತ್ತೆ ಆ ಗೆರೆ ತೆಗೆದೋಳು ಎಲ್ಲಿ? ಗೆರೆ ತಾನಾಗೇ ಬಂತಾ?"

ಅವಳಿಗೆ ನಿಜವಾದ ಸಿಟ್ಟು ಇದ್ದದ್ದು ಇದರ ಮೇಲೇ ಎಂದು ನನಗೆ ಅನಿಸುತ್ತಿತ್ತು. ತೆರೆಯ ಮೇಲೆ ಅಷ್ಟು ಡಾಕ್ಟರುಗಳು, ಅಷ್ಟು ಅಳು, ಅಷ್ಟು ಗೆರೆ, ಆದರೆ ಗೆರೆಯಕ್ಕ ಒಬ್ಬಳೂ ಇಲ್ಲ.

ವಾರಕ್ಕೊಮ್ಮೆಯಾದರೂ ಯಾರದಾದರೂ ಗೆರೆ ನೇರವಾಗುತ್ತಿತ್ತು. ಯಂತ್ರ ಕುಂಯ್ ಎಂದು ಕೂಗುವುದು, ನಾಯಕ ಎರಡು ಇಸ್ತ್ರಿಪೆಟ್ಟಿಯಂಥವನ್ನು ಎದೆಗೆ ಒತ್ತುವುದು, ಮೈ ಮೇಲಕ್ಕೆ ಹಾರುವುದು. "ಮೊದ್ಲು ವೈರ್ ನೋಡ್ರೋ!" ಎಂದು ಗೆರೆಯಕ್ಕ ಸೂಜಿ ಹಿಡಿದ ಕೈ ಎತ್ತಿ ಟಿವಿಗೆ ಕೂಗುವಳು. ನೇರ ಗೆರೆ ಬಂದರೆ ಮೊದಲು ಅನುಮಾನ ಪಡಬೇಕಾದ್ದು ಮನುಷ್ಯನ ಮೇಲಲ್ಲ, ವೈರಿನ ಮೇಲೆ. ವೈರು ಸರಿಯಿದ್ದೂ ಗೆರೆ ನೇರವಾಗಿದ್ದರೆ ಶಾಕಿನಿಂದ ಏನೂ ಆಗುವುದಿಲ್ಲ. ಅದು ಅಡ್ಡಾದಿಡ್ಡಿ ನಡುಗುತ್ತಿರುವ ಹೃದಯವನ್ನು ದಾರಿಗೆ ತರಲಿಕ್ಕೆ, ನಿಂತೇಹೋದದ್ದನ್ನು ಎಬ್ಬಿಸಲಿಕ್ಕಲ್ಲ. ಇದನ್ನು ಅವಳು ನಮಗೆ ನೂರು ಸಲವಾದರೂ ಹೇಳಿದ್ದಾಳೆ.

"ನೋಡು, ಎದ್ದು ಕೂತ!" ಎಂದು ತಮ್ಮ ಕತ್ತರಿಯಿಂದ ತೆರೆ ತೋರಿಸುವನು.

"ಸಂಬಳ ತಗೊಂಡಿದಾನೆ, ಏಳದೆ ಇರ್ತಾನಾ?"

ಒಂದು ದಿನ ಆ ನಾಯಕ ಡಾಕ್ಟರಿಗೇ ಎದೆನೋವು ಬಂತು. ತನ್ನ ಇಸಿಜಿ ತಾನೇ ಹಿಡಿದು ನೋಡಿ, ತನಗೇನಾಗಿದೆ ಎಂದು ತಾನೇ ಹೇಳಿ, ಔಷಧಿಯನ್ನೂ ತಾನೇ ಬರೆದುಕೊಂಡ. ಗೆರೆಯಕ್ಕ ಬಿದ್ದು ಬಿದ್ದು ನಕ್ಕಳು. "ಎಂಥ ದೊಡ್ಡ ಡಾಕ್ಟರೇ ಆಗ್ಲಿ, ತನ್ನ ಗೆರೆ ತಾನು ಓದಲ್ಲ ಕಣೋ. ಇನ್ನೊಬ್ಬರ ಕೈಗೆ ಕೊಡ್ತಾರೆ. ತನ್ನದನ್ನ ತಾನು ನೋಡ್ಕೊಳ್ಳುವಾಗ ಕಣ್ಣು ವಕೀಲನ ಕೆಲಸಕ್ಕೆ ಇಳಿಯುತ್ತೆ."

ಈ ಮಾತುಗಳು ಅವಳು ಹೋದ ಆ ಮಂಗಳವಾರ ಆಸ್ಪತ್ರೆಯ ಕಾರಿಡಾರಿನಲ್ಲಿ ನಮಗೆ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾದವು. ನಂಬಲು ಮನಸ್ಸು ಬರಲಿಲ್ಲ.

ಎರಡು ದಿನದ ಮೇಲೆ ಅಂಗಡಿಗೆ ಒಬ್ಬ ಬೇಕರಿಯವನು ಬಂದು ಬಾಗಿಲಲ್ಲೇ ನಿಂತ. ಗೆರೆಯಕ್ಕ ಕೊನೆಯದಾಗಿ ವೈರು ಹಚ್ಚಿದ್ದು ಅವನಿಗೆ. ಯಂತ್ರದಲ್ಲಿ ಕಾಗದ ಮುಗಿದಿತ್ತು. ಅವಳು ಹೊಸ ಸುರುಳಿ ತರಲು ಪಕ್ಕದ ಸಾಮಾನು ಕೋಣೆಗೆ ಹೋದಳು.

"ಅಲುಗಾಡಬೇಡಿ, ಬಂದೆ ಅಂದ್ರು. ನಾನು ಅಲುಗಾಡ್ಲಿಲ್ಲ," ಎಂದ.

"ಎಷ್ಟು ಹೊತ್ತು?" ಎಂದು ತಮ್ಮ ಕೇಳಿದ.

"ಚಾವಣಿ ಹಲಗೇಲಿ ತೂತುಗಳಿದಾವೆ ಸಾರ್. ನಾಲ್ಕು ಹಲಗೆ ಪೂರ್ತಿ ಎಣಿಸ್ದೆ. ಹತ್ತು ನಿಮಿಷ ಇರಬಹುದು. ಆಮೇಲೆ ಸಿಸ್ಟರ್ ಬಂದು, ಅಕ್ಕ ಎಲ್ಲಿ ಅಂತ ನನ್ನೇ ಕೇಳಿದ್ರು. ನಾನು ಒಂದು ಸಲ ಕೂಗಿದ್ರೂ ಆಗ್ತಿತ್ತು. ಮಾತಾಡಬೇಡಿ ಅಂತಾನೂ ಅಂದಿದ್ರು."

ಅವಳು ಸಾಮಾನು ಕೋಣೆಯಲ್ಲಿ ಬಿದ್ದಿದ್ದಳು, ಕೈಯಲ್ಲಿ ಕಾಗದದ ಸುರುಳಿ. ಗೋಡೆಯ ಈಚೆ ಒಬ್ಬ ಮನುಷ್ಯ ಅಂಗಿ ಬಿಚ್ಚಿಕೊಂಡು, ಅವಳ ಮಾತು ಮೀರಬಾರದೆಂದು, ಉಸಿರನ್ನೂ ಮೆಲ್ಲಗೆ ಬಿಡುತ್ತ ಮಲಗಿದ್ದ. ತೆರೆಯ ಮೇಲೆ ಯಾರೂ ಹೀಗೆ ಸಾಯುವುದಿಲ್ಲ. ಯಾರಾದರೂ ಬೀಳುವ ಮೊದಲೇ ನಾಲ್ಕು ಜನ ಓಡಿ ಬರುತ್ತಾರೆ. ಬೇಕರಿಯವನು ಹೋದಮೇಲೆ ತಮ್ಮ, "ಇವನೂ ಅವರ ಕಡೆಯವನೇ ಇರಬೇಕು. ಹೇಳಿಕೊಟ್ಟು ಕಳಿಸಿದಾರೆ," ಎಂದ.

ಅಷ್ಟು ಹೊತ್ತಿಗೆ ಅವನ ಕೈಗೆ ಆಸ್ಪತ್ರೆಯಿಂದ ಜೆರಾಕ್ಸ್ ಬಂದಿತ್ತು. ಕೇಳಿ ಪಡೆದಿದ್ದ. ಅವಳ ಕೊನೆಯ ಮೂರು ಇಸಿಜಿ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸಾಲಾಗಿ ಹರಡಿ, ಮಾರ್ಕಿಂಗ್ ಚಾಕಿನಿಂದ ತೋರಿಸಿದ. ಮೊದಲನೆಯದರಲ್ಲಿ ನೇರ ಗೆರೆ, ಅಚ್ಚಾದ ಹೊತ್ತು ಎರಡು ಮೂವತ್ತಾರು. ಎರಡನೆಯದರಲ್ಲಿ ದೊಡ್ಡ ದೊಡ್ಡ ಅಲೆ, ಹೊತ್ತು ಎರಡು ನಲವತ್ತೈದು. ಮೂರನೆಯದು ಮತ್ತೆ ನೇರ, ಎರಡು ಐವತ್ತೇಳು.

"ಇಲ್ನೋಡು ಪುಸ್ತಕದಕ್ಕ. ಮಧ್ಯದ್ದರಲ್ಲಿ ಹೃದಯ ಹೇಗೆ ಹೊಡ್ಕೊಳ್ತಿದೆ. ಬದುಕಿದ್ಲು! ಆಗಲಾದ್ರೂ ಶಾಕ್ ಕೊಡಬೇಕಾಗಿತ್ತೋ ಇಲ್ವೋ? ಮತ್ತೆ ಇದು, ಎರಡು ಐವತ್ತೇಳಕ್ಕೆ ಕೊನೇ ಗೆರೆ. ಮೂರು ಹತ್ತಕ್ಕೆ ಸಾವು ಅಂತಾರೆ. ಹದಿಮೂರು ನಿಮಿಷ ಏನ್ ಮಾಡ್ತಿದ್ರು? ಬಿಸ್ಕತ್ ತಿಂತಿದ್ರಾ?"

ಬಿಸ್ಕತ್ತಿನ ವಿಷಯ ಅವನಿಗೆ ಹೇಳಿದವಳು ನಾನೇ.

"ಅರ್ಜಿ ಬರೀ. ನಿನ್ನಷ್ಟು ಓದಿದೋರು ನಮ್ಮಲ್ಲಿ ಯಾರಿದಾರೆ? ಆ ಡಾಕ್ಟರ್ ಇನ್ನು ಅಲ್ಲಿರಬಾರದು," ಎಂದ.

ಬರೆದೆ. ನನಗೆ ವಾಕ್ಯ ಕಟ್ಟಲು ಬರುತ್ತದೆ, ಅಂದು ಅದು ಬಂದದ್ದೇ ತಪ್ಪಾಯಿತು. 'ಹದಿಮೂರು ನಿಮಿಷಗಳ ಮೌನ' ಎಂದೆಲ್ಲ ಬರೆದೆ. ಓದಿದರೆ ಯಾರಿಗಾದರೂ ರಕ್ತ ಕುದಿಯಬೇಕು, ಹಾಗೆ ಬರೆದೆ. ಆದರೆ ಕೊಡುವ ಮುಂಚೆ ಆ ಡಾಕ್ಟರನ್ನು ಒಮ್ಮೆ ಎದುರು ಕೂರಿಸಿ ಕೇಳಬೇಕು ಅನಿಸಿತು. ನ್ಯಾಯಕ್ಕಾಗಿ ಅಲ್ಲ. ಅವರು ತಡವರಿಸುವುದನ್ನು ನೋಡಬೇಕಾಗಿತ್ತು.

ವಾರ್ಡಿನ ಹಿರಿಯ ಸಿಸ್ಟರು ನನ್ನ ಮುಖ ನೋಡಿಯೇ ವಿಷಯ ಊಹಿಸಿದರು. "ಇನ್ನು ಹದಿನೈದು ದಿನಕ್ಕೆ ಅವರ ಕೆಲಸ ಖಾಯಂ ಆಗೋದಿದೆ. ಈಗ ಅರ್ಜಿ ಬಂದ್ರೆ ಅಲ್ಲಿಗೆ ಮುಗೀತು. ಕೊಡಬೇಡಿ ಅಂತ ಹೇಳ್ತಿಲ್ಲ, ಗೊತ್ತಿರ್ಲಿ ಅಂತ ಹೇಳಿದೆ," ಎಂದರು. ಅದೂ ನನಗೆ ಸಂಚಿನ ಮಾತಿನಂತೆಯೇ ಕೇಳಿಸಿತು.

ಡಾಕ್ಟರು ಬರೆಯುತ್ತಿದ್ದರು. ಮೇಜಿನ ಮೇಲೆ ಕಾಗದದ ಗುಡ್ಡೆ. ಕೂರಿ ಎನ್ನಲಿಲ್ಲ, ನಾನೇ ಕೂತೆ. ಜೆರಾಕ್ಸು ಮುಂದಿಟ್ಟು ಅಲೆಯನ್ನೂ ಹದಿಮೂರು ನಿಮಿಷವನ್ನೂ ಕೇಳಿದೆ. ಅವರು ಎದ್ದು ಫೈಲು ತಂದು ಮೂಲ ಕಾಗದಗಳನ್ನು ಬಿಡಿಸಿದರು. ಜೆರಾಕ್ಸಿನಲ್ಲಿ ಮೂಡದಿದ್ದದ್ದು ಅವುಗಳಲ್ಲಿ ಇತ್ತು, ಅಂಚಿನಲ್ಲಿ ತೆಳುವಾದ ಪೆನ್ಸಿಲ್ ಬರಹ. ಮೊದಲನೆಯದರಲ್ಲಿ '2.49, ವೈರ್ ನೋಡಿದೆ.' ಎರಡನೆಯದರಲ್ಲಿ '2.58, ಒತ್ತುವಾಗ.' ಮೂರನೆಯದರಲ್ಲಿ '3.10.'

"ಒತ್ತುವಾಗ ಅಂದ್ರೆ?"

"ಎದೆ ಒತ್ತುವಾಗ ಕಾಗದದ ಮೇಲೆ ಹೀಗೆ ಅಲೆ ಬರುತ್ತೆ ಮೇಡಂ. ಅದು ಅವರ ಹೃದಯ ಅಲ್ಲ, ನನ್ನ ಕೈ. ಮತ್ತೆ ಹಳೇ ಯಂತ್ರದ ಗಡಿಯಾರ ಹದಿಮೂರು ನಿಮಿಷ ಹಿಂದಿದೆ. ನಾನು ಸೇರಿದ ಮೊದಲನೇ ವಾರ ಅಕ್ಕನೇ ಹೇಳಿದ್ರು, ಈ ಗಡಿಯಾರ ನಂಬಬೇಡಿ ಡಾಕ್ಟ್ರೇ, ಪೆನ್ಸಿಲಲ್ಲಿ ಬರ್ಕೊಳ್ಳಿ ಅಂತ."

"ಆ ಯಂತ್ರ ನೋಡಬಹುದಾ?"

"ಬುಧವಾರ ರಿಪೇರಿಗೆ ಹೋಯ್ತು."

ಎಷ್ಟು ಅನುಕೂಲವಾಗಿ ಹೋಗಿದೆ ಎಂದುಕೊಂಡೆ. ಕೊನೆಗೆ ಬಾಯಿ ಬಿಟ್ಟೆ: "ಅವಳು ಹೋಗಿ ಹತ್ತು ನಿಮಿಷ ಆಗಿರ್ಲಿಲ್ಲ. ನೀವು ಬಿಸ್ಕತ್ತು ತಿಂತಿದ್ರಿ. ನಾನು ಕಣ್ಣಾರೆ ಕಂಡೆ."

ಅವರ ಪೆನ್ನು ನಿಂತಿತು. "ಹೌದು. ಬೆಳಿಗ್ಗೆಯಿಂದ ತಿಂದಿರ್ಲಿಲ್ಲ. ಇಪ್ಪತ್ತು ನಿಮಿಷ ಎದೆ ಒತ್ತಿ ಕೈ ನಡುಗ್ತಿತ್ತು, ಅಷ್ಟರಲ್ಲಿ ಇನ್ನೊಬ್ಬರನ್ನ ತಂದಿದ್ರು." ಮತ್ತೆ ಹೇಳಿದರು: "ಆ ಪ್ಯಾಕೆಟ್ಟೂ ಅಕ್ಕಂದೇ. ಸಿಸ್ಟರ್ ರೂಮಿನ ಡ್ರಾಯರಲ್ಲಿ ಇಟ್ಟಿರ್ತಿದ್ರು. ಊಟ ತಪ್ಪಿದೋರು ತಿನ್ಲಿ ಅಂತ."

ಧಾರಾವಾಹಿಯ ಡಾಕ್ಟರಾಗಿದ್ದರೆ ಈ ಮಾತಿಗೆ ಕಣ್ಣೊರೆಸಿಕೊಳ್ಳುತ್ತಿದ್ದ. ಇವರು ಮತ್ತೆ ಬರೆಯಲು ಕೂತರು. ಅವರ ಕಿವಿಯ ಹಿಂದೆ ಒಂದು ಮೊಂಡು ಪೆನ್ಸಿಲು ಇತ್ತು. ನಾನು ಅದನ್ನು ಮೊದಲೇ ಗಮನಿಸಬೇಕಾಗಿತ್ತು.

ತಮ್ಮ ಇದಕ್ಕೆಲ್ಲ ಕರಗಲಿಲ್ಲ. "ಪೆನ್ಸಿಲ್ ತಾನೇ? ಇವತ್ತು ಬರೀಬಹುದು, ನಾಳೆ ಅಳಿಸಬಹುದು. ಸತ್ತ ಮೇಲೆ ಕೂತ್ಕೊಂಡು ಬರ್ದಿದಾರೆ. ಗಡಿಯಾರ ಹಿಂದಿದೆ ಅಂತೆ, ಯಂತ್ರ ಊರಲ್ಲಿಲ್ಲ ಅಂತೆ! ನೀನು ಓದಿದೋಳು, ಬಿಸ್ಕತ್ತಿನ ಒಂದು ಕತೆಗೆ ಬಿದ್ದುಬಿಟ್ಯಾ?"

ನಿಜಕ್ಕೂ ಪೆನ್ಸಿಲಿನಲ್ಲಿ ಯಾವಾಗ ಬೇಕಾದರೂ ಬರೆಯಬಹುದು. ಡಾಕ್ಟರು ಸುಳ್ಳು ಹೇಳುತ್ತಿಲ್ಲ ಎಂದು ಹಗಲು ಅನಿಸಿದರೆ ಸಂಜೆ ಅಂಗಡಿಯಲ್ಲಿ ಕೂತಾಗ ಹೇಳುತ್ತಿದ್ದಾರೆ ಎನಿಸುತ್ತಿತ್ತು. ಸೋಮವಾರ ಅರ್ಜಿ ಕೊಡುವುದೆಂದು ನಿಶ್ಚಯವಾಯಿತು.

ಶನಿವಾರ ಮಧ್ಯಾಹ್ನ ಗ್ರಂಥಾಲಯಕ್ಕೆ ಒಬ್ಬ ಟೀಚರು ಬಂದು ಕಪಾಟಿನಿಂದ ಒಂದು ಕಾದಂಬರಿ ತಂದು ಕೌಂಟರಿನ ಮೇಲಿಟ್ಟರು. ತೆರೆದು ನೋಡಿ, "ಇದು ನಿಮ್ಮದಾ?" ಎಂದು ಒಳಗಿನಿಂದ ಮಡಿಸಿದ ಕಾಗದವೊಂದನ್ನು ನನ್ನ ಕಡೆ ಚಾಚಿದರು. ತಿಳಿಗುಲಾಬಿ ಚೌಕುಳಿಯ ನುಣುಪು ಕಾಗದ, ನಾಲ್ಕು ಮಡಿಕೆ. ಅದು ಯಾರ ಮಡಿಕೆ ಎಂದು ಬಿಡಿಸುವ ಮೊದಲೇ ಗೊತ್ತಾಯಿತು. ಗೆರೆಯಕ್ಕ ಪುಸ್ತಕದಲ್ಲಿ ಗುರುತಿಗೆ ಇಡುತ್ತಿದ್ದದ್ದು ಇಂಥ ಕಾಗದವನ್ನೇ, ಸುರುಳಿಯ ಕೊನೆಯಲ್ಲಿ ಉಳಿದ ಖಾಲಿ ತುಂಡುಗಳನ್ನು.

ಇದು ಖಾಲಿ ಇರಲಿಲ್ಲ. ಗೆರೆ ಇತ್ತು. ಹಿಂದಿನ ಶನಿವಾರದ ತಾರೀಕು, ಅವಳು ಹೋಗುವ ಮೂರು ದಿನ ಮೊದಲು. ಅಚ್ಚಾದ ಹೊತ್ತು ಬೆಳಿಗ್ಗೆ 8.12. ಪಕ್ಕದಲ್ಲಿ ಪೆನ್ಸಿಲಿನಲ್ಲಿ 8.25. ಹೆಸರಿನ ಜಾಗದಲ್ಲಿ ಏನೂ ಇಲ್ಲ. ಕೆಳಗೆ ಅವಳ ಅಕ್ಷರದಲ್ಲಿ, 'ಕೈ ನಡುಗಿದೆ. ಮತ್ತೆ ತೆಗೀಬೇಕು.'

ಟೀಚರು ಏನೋ ಕೇಳುತ್ತಿದ್ದರು. ನಾನು ಹನ್ನೆರಡಕ್ಕೂ ಇಪ್ಪತ್ತೈದಕ್ಕೂ ನಡುವೆ ಎಷ್ಟು ಎಂದು ಲೆಕ್ಕ ಹಾಕುತ್ತಿದ್ದೆ, ಅದು ಕಷ್ಟದ ಲೆಕ್ಕವೇನೋ ಎಂಬಂತೆ.

ಆ ಹಿಂದಿನ ಶನಿವಾರ ಅವಳು ಪುಸ್ತಕ ಮರಳಿಸಲು ಬಂದಾಗ ಕೌಂಟರಿನಲ್ಲಿ ನೂಕುನುಗ್ಗಲು. ಅವಳು ಪಕ್ಕಕ್ಕೆ ನಿಂತಿದ್ದಳು. ಮುಖ ಬಾಡಿತ್ತು. ಮೆಟ್ಟಿಲು ಹತ್ತಿ ಬಂದೆ, ಅದಕ್ಕೇ ಎಂದಳು. "ಒಂದ್ಸಲ ಒಳಗೆ ನೋಡ್ಕೊಳ್ಳೇ ಪುಸ್ತಕ, ಆಮೇಲೆ ಪುಟ ಗಿಟ ಹರಿದಿದೆ ಅಂತ ನನ್ನ ತಲೆಗೆ ಕಟ್ಟಬೇಡ," ಎಂದಳು. "ಹೋಗೇ ಸಾಕು," ಎಂದು ನಾನು ಠಸ್ಸೆ ಹೊಡೆದು ಪುಸ್ತಕವನ್ನು ಹಾಗೇ ಗಾಡಿಗೆ ಹಾಕಿದೆ. ಮರಳಿ ಬಂದ ಪ್ರತಿ ಪುಸ್ತಕವನ್ನೂ ತಲೆಕೆಳಗು ಹಿಡಿದು ಕೊಡವಿ ನೋಡಬೇಕೆಂಬುದು ನಮ್ಮ ಕೆಲಸದ ಮೊದಲ ಪಾಠ. ಬಸ್ ಟಿಕೆಟ್ಟು, ಪ್ರೇಮಪತ್ರ, ಔಷಧಿ ಚೀಟಿ, ಏನೇನೋ ಬೀಳುತ್ತವೆ. ಇಪ್ಪತ್ತು ವರ್ಷದಲ್ಲಿ ನಾನು ಕೊಡವದೆ ಇಟ್ಟದ್ದು ಅವಳ ಪುಸ್ತಕಗಳನ್ನು ಮಾತ್ರ.

ಅರ್ಧ ದಿನದ ರಜೆ ಹಾಕಿ ಆಸ್ಪತ್ರೆಗೆ ಹೋದೆ. ಡಾಕ್ಟರು ಕಾರಿಡಾರಿನಲ್ಲಿ ಸಿಕ್ಕರು. ಕಾಗದ ಕೊಟ್ಟೆ. ಬೆಳಕಿಗೆ ಹಿಡಿದರು. ಹುಬ್ಬು ಗಂಟಾಯಿತು.

"ಯಾರದು ಇದು? ಎಲ್ಲಿದಾರೆ? ಈಗಲೇ ಕರ್ಕೊಂಡು ಬನ್ನಿ."

ಅವರ ಕಣ್ಣು ಕಾಗದದ ಅಂಚಿಗೆ ಇಳಿಯಿತು. ಪೆನ್ಸಿಲಿನ ಅಕ್ಷರ ಓದಿದರು. ತಾರೀಕು ಓದಿದರು. ಬಹಳ ಹೊತ್ತು ಓದಿದರು.

"ಕೈ ನಡುಗಿ ಕೆಟ್ಟ ಗೆರೆ ಅಲ್ಲ ಇದು, ಹೃದಯದ್ದೇ," ಎಂದರು ಕೊನೆಗೆ. "ಅಕ್ಕನಿಗೆ ಗೊತ್ತಾಗದೆ ಇರೋಕೆ ಸಾಧ್ಯ ಇಲ್ಲ. ಬೇರೆ ಯಾರದೇ ಆಗಿದ್ರೂ ಓಡಿಬಂದು ನಮ್ಮನ್ನ ಎಬ್ಬಿಸ್ತಿದ್ರು."

ಒಳಗಿನಿಂದ ಯಾರೋ ಕರೆದರು. ಅವರು ಕಾಗದವನ್ನು ಅದೇ ನಾಲ್ಕು ಮಡಿಕೆಯಲ್ಲಿ ಮಡಿಸಿ ನನ್ನ ಕೈಗಿಟ್ಟು ಹೋದರು. ಅರ್ಜಿಯ ಸುದ್ದಿ ಅವರಿಗೆ ತಿಳಿದಿತ್ತು, ಹಿರಿಯ ಸಿಸ್ಟರು ಹೇಳದೆ ಬಿಟ್ಟಿರುವುದಿಲ್ಲ. ಈ ಕಾಗದ ತಮ್ಮನಿಗೆ ತೋರಿಸಿ ಎಂದು ಒಂದು ಮಾತು ಅವರ ಬಾಯಿಂದ ಬರಲಿಲ್ಲ.

ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಇದನ್ನು ಅವಿತಿಡುವ ಬಗೆಯನ್ನು. ತೋರಿಸಿದರೆ ಗಡಿಯಾರದ ಮಾತು ನಿಜವಾಗುತ್ತದೆ, ಡಾಕ್ಟರು ಉಳಿಯುತ್ತಾರೆ. ಆದರೆ ಅವನ ಅಕ್ಕ ತನ್ನ ಗೆರೆ ತಾನೇ ಓದಿ, ತಾನೇ ಗೇಲಿ ಮಾಡಿದ ಧಾರಾವಾಹಿ ಡಾಕ್ಟರ ಕೆಲಸ ಮಾಡಿದಳೆಂದು ಅವನಿಗೆ ತಿಳಿಯುತ್ತದೆ. ಮತ್ತೆ ಅವಳು ಬದುಕಿದ್ದ ಮೂರು ದಿನವೂ ಈ ಕಾಗದ ನನ್ನ ಕಪಾಟಿನಲ್ಲಿ ಇತ್ತೆಂದೂ ತಿಳಿಯುತ್ತದೆ. ಹರಿದುಹಾಕಿದರೆ ಕೇಳುವವರಿಲ್ಲ. ಡಾಕ್ಟರಿಗೆ ಇನ್ನೊಂದು ಆಸ್ಪತ್ರೆ ಸಿಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಕಣ್ಣೂ ವಕೀಲಿಕೆಗೆ ಇಳಿದಿತ್ತು. ಅದು ಗೊತ್ತಾದದ್ದೇ ಅಂಗಡಿಯ ಮೆಟ್ಟಿಲು ಹತ್ತಿದೆ.

ಕತ್ತರಿಸುವ ಮೇಜಿನ ಮೇಲೆ ಕಾಗದ ಬಿಡಿಸಿಟ್ಟೆ. ತಮ್ಮ ಮೊದಲು ಗೆರೆ ನೋಡಲಿಲ್ಲ, ಅಂಕೆ ನೋಡಿದ. ಅವಳ ಎಂಟು ಬೇರೆ ಯಾರ ಎಂಟಿನ ಹಾಗೂ ಇರಲಿಲ್ಲ, ಒಂದರ ಮೇಲೊಂದು ಇಟ್ಟ ಎರಡು ಮಣಿ. ಸಂಜೆ ಹೊತ್ತು ಗಿರಾಕಿಗಳ ಅಳತೆ ಬರೆದುಕೊಳ್ಳುತ್ತಿದ್ದವಳು ಅವಳೇ. ಅವನು ಅಳತೆಯ ಪುಸ್ತಕ ತೆಗೆದು, ಒಂದು ಎಂಟರ ಪಕ್ಕ ಇನ್ನೊಂದು ಎಂಟು ಹಿಡಿದು ನೋಡಿದ. ಬೆರಳು ಮಡಿಸುತ್ತ ಎಣಿಸಿದ. ಹದಿಮೂರು.

"ಗಡಿಯಾರದ್ದು ನಿಜ ಹಾಗಾದ್ರೆ."

"ನಿಜ."

"ಇದು ಯಾರ ಗೆರೆ?"

"ಅವಳದ್ದೇ. ಡಾಕ್ಟರಿಗೆ ತೋರಿಸ್ದೆ. ಆಗಲೇ ಚೆನ್ನಾಗಿರ್ಲಿಲ್ಲವಂತೆ."

ಅವನು ಮೇಜಿನ ಅಂಚು ಹಿಡಿದುಕೊಂಡ. "ನಂಗೆ ಹೇಳ್ಲಿಲ್ಲ. ಅವತ್ತು ಸಂಜೆ ಇಲ್ಲೇ ಕೂತು ಹನ್ನೆರಡು ಅಂಗಿಗೆ ಗುಂಡಿ ಹಾಕಿದ್ಲು." ಆಮೇಲೆ ಕೇಳಿದ: "ಎಲ್ಲಿತ್ತು ಇದು?"

"ಅವಳು ವಾಪಸ್ ಕೊಟ್ಟ ಪುಸ್ತಕದಲ್ಲಿ. ಆ ಶನಿವಾರವೇ ಕೊಟ್ಟಿದ್ಲು."

"ನೀನು ತೆಗೆದು ನೋಡ್ಲಿಲ್ವಾ ಪುಸ್ತಕದಕ್ಕ?"

"ಇಲ್ಲ," ಎಂದೆ.

ಬಾಗಿಲಲ್ಲಿ ನಿಂತು ಆ ಡಾಕ್ಟರು ಹೇಳಿದ್ದೂ ಇದೇ ಮಾತು. ಇಂಥ ಕಡೆ ಅದರ ಹಿಂದೆ ಮುಂದೆ ಏನನ್ನೂ ಸೇರಿಸಲು ಆಗುವುದಿಲ್ಲ ಎಂದು ಆಗ ತಿಳಿಯಿತು. ತಮ್ಮ ನನ್ನನ್ನು ಬೈಯುತ್ತಾನೆಂದು ಕಾದೆ. ಅವನು ಇಸ್ತ್ರಿಪೆಟ್ಟಿ ತೆಗೆದುಕೊಂಡು, ಆಗಲೇ ಇಸ್ತ್ರಿಯಾಗಿದ್ದ ಒಂದು ಅಂಗಿಯನ್ನು ಮತ್ತೆ ತಿಕ್ಕತೊಡಗಿದ.

ಏಳಾಯಿತು. ಟಿವಿ ಹಾಕಿಯೇ ಇತ್ತು. ಧಾರಾವಾಹಿ ಶುರುವಾಗಿ ಸ್ವಲ್ಪ ಹೊತ್ತಿಗೆ ಯಾರೋ ಮುದುಕರ ಗೆರೆ ನೇರವಾಯಿತು, ಯಂತ್ರ ಕೂಗಿತು, ನಾಯಕ ಓಡಿಬಂದ. ತಮ್ಮ ತಲೆ ಎತ್ತಿದ.

"ವೈರ್ ನೋಡೋ," ಎಂದ, ಮೆಲ್ಲಗೆ. ಆಮೇಲೆ ಜೋರಾಗಿ, ಬೀದಿಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಜೋರಾಗಿ, "ಮೊದ್ಲು ವೈರ್ ನೋಡೋ!" ಎಂದು ಕೂಗಿ, ಅಂಗಿಯನ್ನೇ ಮುಖಕ್ಕೆ ಒತ್ತಿಕೊಂಡು ಅತ್ತ. ನಾನು ಹೋಗಿ ಇಸ್ತ್ರಿಪೆಟ್ಟಿಯ ಪ್ಲಗ್ ಕಿತ್ತೆ.

ಸೋಮವಾರ ನಾವು ಅರ್ಜಿ ಕೊಟ್ಟೆವು. ಬೇರೆ ಅರ್ಜಿ. ಅವನು ಹೇಳಿದ, ನಾನು ಬರೆದೆ. ಈ ಸಲ ವಾಕ್ಯ ಕಟ್ಟಲು ಹೋಗಲಿಲ್ಲ. 'ತಮ್ಮ ಆಸ್ಪತ್ರೆಯ ಹಳೆಯ ಇಸಿಜಿ ಯಂತ್ರದ ಗಡಿಯಾರ ಹದಿಮೂರು ನಿಮಿಷ ಹಿಂದಿದೆ. ನನ್ನ ಅಕ್ಕ ಅದನ್ನು ಪೆನ್ಸಿಲಿನಿಂದ ತಿದ್ದುತ್ತಿದ್ದಳು. ಈಗ ಅವಳಿಲ್ಲ. ದಯವಿಟ್ಟು ಸರಿ ಮಾಡಿಸಿ. ಕಾಗದದ ಸುರುಳಿಯನ್ನು ಯಂತ್ರದ ಕೋಣೆಯಲ್ಲೇ ಇಡಿಸಿ.' ಕೆಳಗೆ ಅವನ ಸಹಿ. ಆ ಡಾಕ್ಟರ ಕೆಲಸ ಖಾಯಂ ಆಯಿತೆಂದು ಆಮೇಲೆ ಕೇಳಿದೆ. ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ.

ಒಂದು ಅನುಮಾನ ಮಾತ್ರ ನನ್ನಲ್ಲಿ ಉಳಿದುಬಿಟ್ಟಿದೆ. ಆ ಕಾಗದವನ್ನು ಅವಳು ಪುಸ್ತಕದಲ್ಲಿ ಮರೆತಳೋ, ನನಗೆಂದೇ ಇಟ್ಟಳೋ. ತನ್ನ ಗೆರೆಯನ್ನು ಇನ್ನೊಬ್ಬರ ಕೈಗೆ ಕೊಡಬೇಕು ಎನ್ನುತ್ತಿದ್ದವಳು. ಡಾಕ್ಟರ ಕೈಗೆ ಕೊಡಲು ಹೆದರಿ, ಗೆರೆ ಓದಲು ಬಾರದ ನನ್ನ ಕೈಗೆ ಕೊಟ್ಟಳೇ? ಒಂದೊಂದು ದಿನ ಮರೆತಳು ಎಂದೇ ಖಚಿತವಾಗಿ ಅನಿಸುತ್ತದೆ. ಆ ದಿನಗಳಲ್ಲಿ ನನಗೆ ನನ್ನ ಮೇಲೇ ಅನುಮಾನ.

ಕಳೆದ ವಾರ ನಾನೂ ಹೋಗಿ ಇಸಿಜಿ ತೆಗೆಸಿಕೊಂಡೆ. ಕೋಣೆ ಅದೇ, ಹಸಿರು ಪರದೆ ಅದೇ, ಯಂತ್ರ ರಿಪೇರಿಯಿಂದ ಬಂದಿತ್ತು. ಹೊಸದಾಗಿ ಸೇರಿದ ಹೆಂಗಸು ಕ್ಲಿಪ್ಪು ಹಾಕಿ, ಅಲುಗಾಡಬೇಡಿ ಎಂದಳು. ನಾನು ಚಾವಣಿಯ ತೂತುಗಳನ್ನು ನೋಡುತ್ತ ಮಲಗಿದೆ. ಕಾಗದ ಹೊರಬಂತು. ಅದರಲ್ಲಿ ಅಚ್ಚಾದ ಹೊತ್ತು ಹತ್ತು ಇಪ್ಪತ್ತೊಂದು. ಅವಳು ಗೋಡೆಯ ಗಡಿಯಾರ ನೋಡಿ, ಡ್ರಾಯರಿನಿಂದ ಪೆನ್ಸಿಲು ತೆಗೆದು ಅಂಚಿನಲ್ಲಿ 10.34 ಎಂದು ಬರೆದಳು.

"ಹೇಗಿದೆ?" ಎಂದೆ.

"ನಾನು ಹೇಳೋ ಹಾಗಿಲ್ಲಮ್ಮ. ಡಾಕ್ಟರಿಗೆ ತೋರಿಸಿ. ಹದಿನಾರನೇ ನಂಬರ್ ಕೋಣೆ."

ಅಲ್ಲಿ ನನಗಿಂತ ಮುಂದೆ ಒಂಬತ್ತು ಜನ ಇದ್ದರು. ಕಾಯಬೇಕಾಗುತ್ತದೆಂದು ಚೀಲದಲ್ಲಿ ಒಂದು ಪುಸ್ತಕ ತಂದಿದ್ದೆ. ತೆರೆದು ಓದತೊಡಗಿದೆ. ಆ ಕಾಗದವನ್ನು ಮಾತ್ರ ಅದರೊಳಗೆ ಇಡಲಿಲ್ಲ, ನನ್ನ ಸರದಿ ಬರುವವರೆಗೂ ಕೈಯಲ್ಲೇ ಹಿಡಿದುಕೊಂಡಿದ್ದೆ.